ಒಂದಿಂಚಿನ ಗುದ್ದು, ಎಡಗಾಲಿನ ಒದೆ

ಕೆಲವರ ಹಣೇಲಿ ಗಂಭೀರವಾಗಿ ಬದುಕೋದು ಬರೆದಿರೋದಿಲ್ಲ. ನನ್ನ ಹಣೇಲಂತೂ ಇಲ್ಲವೇ ಇಲ್ಲ. ಅಳೋಣ ಅಂತ ಮೂಲೆ ಹುಡುಕಿಕೊಂಡು ಹೋಗಿ ಕೂತರೆ ಅಲ್ಲಿಗೂ ಯಾರಾದರೂ ಬಂದು, "ಸಾ, ಬೆನ್ನಿಡ್ಕಂಡದೆ, ಒಂಚೂರು ಗುದ್ತೀರಾ?" ಅಂತ ಕೇಳ್ತಾರೆ.

ನಾನು ಕುಂಗ್‌ಫೂ ಮೇಷ್ಟ್ರು. ಮಂಡ್ಯ, ಮದ್ದೂರು, ಮಳವಳ್ಳಿ ಮೂರೂ ಕಡೆ ಕ್ಲಾಸು. ಮದ್ದೂರಿನಲ್ಲಿ ಕಲ್ಯಾಣಮಂಟಪದ ಊಟದ ಹಾಲ್, ಮದುವೆ ಇದ್ದ ದಿನ ಕ್ಲಾಸಿಲ್ಲ. ಮಳವಳ್ಳಿಯಲ್ಲಿ ಶಾಲೆ ಬಯಲು, ಮಳೆ ಬಂದ ದಿನ ಕ್ಲಾಸಿಲ್ಲ. ಮಂಡ್ಯದಲ್ಲಿ ನಮ್ಮನೆ ಮಹಡಿ ಮೇಲಿನ ಶೀಟಿನ ಶೆಡ್ಡು. ಅಲ್ಲಿ ಎಲ್ಲಾ ದಿನವೂ ಕ್ಲಾಸುಂಟು, ಬರೋರಿಲ್ಲ.

ನಾನು ನೆಚ್ಚಿಕೊಂಡಿರೋದು ಒಂದೇ ಏಟನ್ನ. ಚೀನಾದೋರು ಅದಕ್ಕೆ 'ತ್ಸುನ್ ಜಿನ್' ಅಂತಾರೆ. ತ್ಸುನ್ ಅಂದ್ರೆ ಅವರ ಇಂಚು, ಜಿನ್ ಅಂದ್ರೆ ಕಸುವು. ಮುಷ್ಟಿಯನ್ನ ಎದುರಿಗಿರೋನ ಎದೆಯಿಂದ ಒಂದಿಂಚು ದೂರ ಇಟ್ಟು, ಕೈ ಹಿಂದಕ್ಕೆ ಎಳೆಯದೆ ಅಲ್ಲಿಂದಲೇ ಗುದ್ದೋದು. ಆ ಬಲ ಕೈಯದಲ್ಲ. ಹಿಮ್ಮಡಿ ನೆಲವನ್ನ ಒತ್ತಬೇಕು, ಅದು ಮೊಣಕಾಲಿಗೆ, ಸೊಂಟಕ್ಕೆ, ಭುಜಕ್ಕೆ ಏರಿ ಮುಷ್ಟಿಗೆ ಬರಬೇಕು. ಅಲ್ಲೀತನಕ ಮೈ ನೆನೆದ ಬಟ್ಟೆ ಹಾಗೆ ಸಡಿಲ ಇರಬೇಕು, ತಗಲೋ ಗಳಿಗೆಗೆ ಮಾತ್ರ ಬಿಗಿ. ಕೈ ಬೀಸೋಕೆ ಜಾಗವಿಲ್ಲದ ಇಕ್ಕಟ್ಟಿನಲ್ಲಿ ಉಪಯೋಗಕ್ಕೆ ಬರಲಿ ಅಂತ ಹುಟ್ಟಿದ ಏಟು ಅಂತ ನನಗೆ ಹೇಳಿಕೊಟ್ಟೋರು ಹೇಳಿದ್ದರು.

ಇಕ್ಕಟ್ಟು ಅಂದ್ರೆ ಏನು ಅಂತ ನನಗೆ ಗೊತ್ತಾಗಿದ್ದು ನಮ್ಮನೆಯವಳಿಗೆ ಲಕ್ವ ಹೊಡೆದ ಮೇಲೆ. ಮಕ್ಕಳಿಲ್ಲದ ಮನೆ ನಮ್ಮದು, ಇರೋರು ನಾವಿಬ್ಬರೇ. ಅವಳ ಎಡಗಾಲು ಮತ್ತೆ ಅಲುಗುತ್ತೋ ಇಲ್ಲವೋ ಅನ್ನೋದು ಬಿಟ್ಟರೆ ನಮ್ಮನೇಲಿ ಬೇರೆ ಯೋಚನೆಯೇ ಉಳಿದಿರಲಿಲ್ಲ. ಆದರೆ ಆ ಕಾಲಿನ ಕತೆ ಹೇಳಬೇಕಾದ್ರೆ ಸ್ವಲ್ಪ ಹಿಂದಿನಿಂದ ಬರಬೇಕು.

ಮಳವಳ್ಳಿಯಲ್ಲಿ ಸಾಲು ನಿಂತದ್ದು

ಮಳವಳ್ಳಿಯಲ್ಲಿ ಕ್ಲಾಸು ಶುರು ಮಾಡೋಕೆ ಮುಂಚೆ ಜನಕ್ಕೆ ಒಂದು ಪ್ರದರ್ಶನ ಕೊಡೋಣ ಅಂತ ಭಾನುವಾರ ಶಾಲೆ ಬಯಲಲ್ಲಿ ನಿಂತೆ. "ಯಾರಾದ್ರೂ ಗಟ್ಟಿಮುಟ್ಟಾದೋರು ಬನ್ನಿ" ಅಂತ ಕೂಗಿದೆ. ರಿಟೈರಾದ ಲೈನ್‌ಮ್ಯಾನ್ ಒಬ್ಬರು ಸೊಂಟ ಹಿಡಿದುಕೊಂಡು ಮುಂದೆ ಬಂದರು. ಅವರ ಹಿಂದೆ ಒಂದು ಪ್ಲಾಸ್ಟಿಕ್ ಕುರ್ಚಿ ಇಟ್ಟೆ, ಎದೆಗೆ ಒಂದಿಂಚು ದೂರದಲ್ಲಿ ಮುಷ್ಟಿ ಇಟ್ಟೆ, ಗುದ್ದಿದೆ.

ಮನುಷ್ಯ ಕುರ್ಚಿ ಸಮೇತ ಹಿಂದಕ್ಕೆ ಹೋಗಿ ಕೂತರು. ಅವರ ಹೆಂಡತಿ "ಅಯ್ಯಯ್ಯೋ, ಸಾಯ್ಸ್‌ಬುಟ್ಟ ಕಣ್ರಪ್ಪೋ" ಅಂತ ಬಾಯಿ ಬಡಿದುಕೊಂಡರು. ಲೈನ್‌ಮ್ಯಾನ್ ನಿಧಾನಕ್ಕೆ ಎದ್ದರು. ಸೊಂಟವನ್ನ ಆ ಕಡೆ ಈ ಕಡೆ ತಿರುಗಿಸಿದರು. ಬಗ್ಗಿದರು, ಎದ್ದರು.

"ಲೇ, ಉಳುಕು ಬುಟ್ಟೋಯ್ತು ಕಣ್ಲಾ!" ಅಂದರು.

ಅಷ್ಟೇ. ಬಯಲಲ್ಲಿದ್ದ ಅರ್ಧ ಜನ ಸೊಂಟ ಹಿಡಿದುಕೊಂಡು ಸಾಲು ನಿಂತರು. ಒಬ್ಬಜ್ಜಿ ಬಂದು, "ನೀನು ಕಾಲು ಮುಂದಾಗಿ ಉಟ್ಟಿದೋನಾ ಮಗಾ?" ಅಂತ ಕೇಳಿದಳು. ನಮ್ಮ ಕಡೆ ಹೆರಿಗೇಲಿ ಕಾಲು ಮುಂದಾಗಿ ಹುಟ್ಟಿದೋರ ಕೈಲಿ ಒದೆಸಿಕೊಂಡರೆ ಬೆನ್ನಿನ ಉಳುಕು ಹೋಗುತ್ತೆ ಅನ್ನೋ ನಂಬಿಕೆ.

"ಇಲ್ಲಜ್ಜಿ, ಎಲ್ಲರ ಹಾಗೆ ತಲೆ ಮುಂದಾಗೇ ಹುಟ್ಟಿದ್ದು. ಇದು ಚೀನಾದ ವಿದ್ಯೆ."

"ಅಯ್ಯೋ ಪಾಪ, ಓಗ್ಲಿ ಬುಡು, ಯಾವ್ದೋ ಒಂದು. ಗುದ್ದು" ಅಂತ ಬೆನ್ನು ತಿರುಗಿಸಿದಳು.

ಸಾಯಂಕಾಲದವರೆಗೂ ಗುದ್ದಿದೆ. ಕೊನೆಗೆ, ಕಲಿಯೋಕೆ ಹೆಸರು ಕೊಡೋರು ಕೊಡಿ ಅಂದೆ. ಎಲ್ಲರೂ ಮುಖ ಮುಖ ನೋಡಿಕೊಂಡರು. ಲೈನ್‌ಮ್ಯಾನೇ ಎಲ್ಲರ ಪರವಾಗಿ ಹೇಳಿದರು: "ನಾವ್ಯಾಕ್ ಸಾ ಕಲಿಯೋದು? ನೀವಿದ್ದೀರಲ್ಲ!"

ಇಕ್ಕಟ್ಟಿನಲ್ಲಿ ಉಪಯೋಗ

ಇಕ್ಕಟ್ಟಿಗಾಗಿ ಹುಟ್ಟಿದ ಏಟು ಅಂದೆನಲ್ಲ, ಅದನ್ನ ನಿಜವಾಗಿ ಉಪಯೋಗಿಸಿದ್ದು ಒಂದೇ ಸಲ, ಮಳವಳ್ಳಿಯಿಂದ ಮಂಡ್ಯಕ್ಕೆ ಬರೋ ಬಸ್ಸಲ್ಲಿ. ಜಿಟಿಜಿಟಿ ಮಳೆ, ಕಿಟಕಿಯೆಲ್ಲಾ ಮುಚ್ಚಿ ಒಳಗೆ ಉಸಿರು ಕಟ್ಟೋ ಹಾಗಿತ್ತು. ನನ್ನ ಪ್ಯಾಂಟಿನ ಹಿಂದಿನ ಜೇಬಲ್ಲಿ ಯಾರದೋ ಬೆರಳು ಓಡಾಡ್ತಿತ್ತು. ಕಷ್ಟಪಟ್ಟು ತಿರುಗಿದೆ. ಒಬ್ಬ ಕನ್ನಡಕದ ಮನುಷ್ಯ, ಮುಖ ನೋಡಿದರೆ ಹೈಸ್ಕೂಲ್ ಮೇಷ್ಟ್ರ ಹಾಗಿದ್ದ. ಅವನ ಎದೆಗೂ ನನ್ನ ಮುಷ್ಟಿಗೂ ಇದ್ದದ್ದು ಸರಿಯಾಗಿ ಒಂದಿಂಚು.

ಇದಕ್ಕೇ ತಾನೇ ಇಷ್ಟು ವರ್ಷ ಕಾದಿದ್ದು ಅಂತ ಹಿಮ್ಮಡಿ ಒತ್ತಿ, ಸೊಂಟ ತಿರುಗಿಸಿ ಗುದ್ದಿದೆ. ಅಷ್ಟು ಚೆನ್ನಾಗಿ ನಾನು ಯಾವತ್ತೂ ಗುದ್ದಿರಲಿಲ್ಲ.

ಅವನು ಬೀಳಲಿಲ್ಲ. ಬೀಳೋಕೆ ಜಾಗ ಇರಲಿಲ್ಲ. ಅವನ ಹಿಂದಿನೋನು ಅವನ ಹಿಂದಿನೋನಿಗೆ ಒರಗಿ, ಕೊನೇ ಸೀಟಿನ ಹತ್ತಿರ ಯಾರೋ ಒಬ್ಬರು "ಯಾವನ್ಲಾ ಅವ್ನು ತಳ್ಳೋನು" ಅಂತ ಬೈದರು. ಕನ್ನಡಕದೋನು ಮಾತ್ರ ಬಹಳ ಮರ್ಯಾದೆಯಿಂದ ನನ್ನ ಕಡೆ ಬಗ್ಗಿ ಕೇಳಿದ: "ಇಳೀಬೇಕಾ ಸಾ? ಸ್ಟಾಪ್ ಇನ್ನೂ ದೂರ ಅದೆ."

ಟೋಪಿ ತೆಗೀಲಾ, ಬೇಡವಾ?

ಈಗ ನಮ್ಮನೆಯವಳ ವಿಷಯ. ಅವಳ ತವರು ಆತಗೂರಿನ ಕಡೆ. ಅಜ್ಜಿ ಕೇಳಿದಳಲ್ಲ, ಹಾಗೆ ನಿಜವಾಗಿಯೂ ಕಾಲು ಮುಂದಾಗಿ ಹುಟ್ಟಿದೋಳು ಅವಳು. ಮದುವೆಯಾಗಿ ಮಂಡ್ಯಕ್ಕೆ ಬಂದಾಗ ಸೀರೆ ಪಾತ್ರೆಯ ಜೊತೆಗೆ ಆ ಹೆಸರೂ ಬಂತು. ಬೆಳಿಗ್ಗೆ ಎದ್ದು ಬಾಗಿಲು ತೆಗೆದರೆ ಯಾರಾದರೂ ಕೊಂಕಿಕೊಂಡು ನಿಂತಿರೋರು. ನಾನು ಅಡ್ಮಿಷನ್ನಿಗೆ ಬಂದೋರು ಅಂತ ಮುಖ ಅರಳಿಸಿಕೊಂಡು ಮುಂದೆ ಹೋದರೆ, "ನೀವಲ್ಲ ಸಾ, ಅಮ್ಮೋರು" ಅನ್ನೋರು.

ಅವಳ ಕ್ರಮ ಕಟ್ಟುನಿಟ್ಟು. ಬಂದೋರು ಗೋಡೆ ಕಡೆ ಮುಖ ಮಾಡಿ ನಿಲ್ಲಬೇಕು. ಅವಳು ಎಡಗಾಲಲ್ಲಿ ಬೆನ್ನಿಗೆ ಮೂರು ಸಲ ಒದೀತಾಳೆ. ಒದೆಸಿಕೊಳ್ಳೋರು ಬಾಯಿ ಬಿಡಬಾರದು, ಹೊಸಿಲು ದಾಟೋ ತನಕ ತಿರುಗಿ ನೋಡಬಾರದು. ತಿರುಗಿದರೆ ಗುಣವಿಲ್ಲ.

ಒಂದು ಸಲ ಒಬ್ಬ ಸಬ್‌ಇನ್ಸ್‌ಪೆಕ್ಟರ್ ಬಂದರು. ಜೀಪನ್ನ ಪಕ್ಕದ ಬೀದೀಲೇ ನಿಲ್ಲಿಸಿ, ಗೋಡೆ ಹಿಡಿದುಕೊಂಡು ನಡೆದು ಬಂದಿದ್ದರು. ಯೂನಿಫಾರಂ ಮೈಮೇಲಿದೆ, ಒದೆಸಿಕೊಳ್ಳೋದು ಹೇಗೆ ಅನ್ನೋ ಸಂಕೋಚ ಅವರಿಗೆ. "ಅಮ್ಮಾ, ಟೋಪಿ ತೆಗೀಲಾ, ಹಾಕ್ಕೊಂಡೇ ಇರ್ಲಾ?" ಅಂದರು.

ಇವಳು ಸೀರೆ ನೆರಿಗೆ ಎತ್ತಿ ಸಿಕ್ಕಿಸಿಕೊಳ್ತಾ, "ನಾನು ಒದೆಯೋದು ಬೆನ್ನಿಗೆ ಕಣಪ್ಪ, ಟೋಪಿಗಲ್ಲ" ಅಂದಳು.

ಅವರು ಹೋದ ಮೇಲೆ ನಾನು ಹೊಟ್ಟೆಕಿಚ್ಚು ತಡೀಲಾರದೆ ಹಿಮ್ಮಡಿ, ಸೊಂಟ, ಇಂಚು ಅಂತ ನನ್ನ ವಿದ್ಯೆಯನ್ನ ಅವಳಿಗೆ ವಿವರಿಸೋಕೆ ಹೋದೆ. ರಾಗಿ ಹಿಟ್ಟು ಜರಡಿ ಹಿಡೀತಾ ಕೇಳಿಸಿಕೊಂಡಳು. "ಅಲ್ಲಾ ಕಣ್ರೀ, ಎಲ್ಲಾ ಇಮ್ಮಡೀಲೇ ಅದೆ ಅಂದ್ಮೇಲೆ ಕೈಯಲ್ಲಿ ಯಾಕ್ ಗುದ್ತೀರಿ? ಸೀದಾ ಒದ್ದುಬುಡಬಾರದಾ?" ಅಂದಳು.

ಆಸ್ಪತ್ರೆಯಲ್ಲಿ ಬೆನ್ನು ತೋರಿಸಿದವನು

ಹೋದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ರಂಗೋಲಿ ಹಾಕ್ತಿದ್ದೋಳು ಹಾಗೇ ಪಕ್ಕಕ್ಕೆ ವಾಲಿದಳು. ಎಡಗೈ ಎಡಗಾಲು ಎರಡೂ ಜೋತುಬಿದ್ದವು. ನಾನು ಎತ್ತೋಕೆ ಹೋದೆ. ದಪ್ಪ ದಪ್ಪ ಆಳುಗಳನ್ನ ಕುರ್ಚಿ ಸಮೇತ ಬೀಳಿಸಿದ ನನಗೆ ನನ್ನ ಹೆಂಡತಿಯನ್ನ ನೆಲದಿಂದ ಎತ್ತೋಕೆ ಆಗಲಿಲ್ಲ. ಹಾಲಿನವಳೂ ಒಬ್ಬ ಆಟೋದವನೂ ಎತ್ತಿ ಆಟೋದಲ್ಲಿ ಕೂರಿಸಿದರು. ಅವಳ ತಲೆಗೆ ಅಂಟಿದ್ದ ರಂಗೋಲಿ ಪುಡಿಯನ್ನ ದಾರಿಯುದ್ದಕ್ಕೂ ಒರೆಸ್ತಾ ಕೂತಿದ್ದೆ, ಬೇರೆ ಏನು ಮಾಡಬೇಕು ಅಂತ ಗೊತ್ತಾಗಲಿಲ್ಲ.

ಡಾಕ್ಟ್ರು ಹೇಳಿದರು: "ಮಾತು ಉಳ್ಕೊಂಡಿದೆ, ಪುಣ್ಯ. ಕೈ ಸ್ವಲ್ಪ ಸ್ವಲ್ಪ ಬರಬಹುದು. ಕಾಲಿನದು ಈಗಲೇ ಹೇಳೋಕಾಗಲ್ಲ. ತಾನಾಗೇ ಒಂದಿಂಚು ಅಲುಗಲಿ, ಆಮೇಲೆ ನಡೆಯೋ ಮಾತು." ಲೋಕದಲ್ಲಿ ಎಷ್ಟೊಂದು ಅಳತೆಗಳಿವೆ, ಅವರ ಬಾಯಿಗೂ ಅದೇ ಬರಬೇಕಾ?

ವಾರ್ಡಿಗೆ ಬಂದು ಸ್ಟೂಲಿನ ಮೇಲೆ ಕೂತೆ. ಅವಳು ಸೀಲಿಂಗ್ ನೋಡ್ತಾ ಮಲಗಿದ್ದಳು. ಕಣ್ಣಿಂದ ನೀರು ಕಿವಿಗೆ ಇಳೀತಿತ್ತು. ಅಷ್ಟರಲ್ಲಿ ಪಕ್ಕದ ಬೆಡ್ಡಿನ ರೋಗಿಯ ಕಡೆಯೋನು ಒಬ್ಬ ಹತ್ತಿರ ಬಂದು ಬಗ್ಗಿ ನೋಡಿದ.

"ನೀವು ಒದೆಯೋ ಅಮ್ಮೋರಲ್ವಾ?"

ಅವಳು ಕಣ್ಣಲ್ಲೇ ಹೌದು ಅಂದಳು. ಅವನ ಮುಖ ಅರಳಿತು. ನಾನು ಬೇಡ ಬೇಡ ಅನ್ನೋದರೊಳಗೆ ಮಂಚದ ಕಾಲ ಕಡೆ ಹೋಗಿ ಬೆನ್ನು ತಿರುಗಿಸಿ, ಕ್ರಮ ಗೊತ್ತಿದ್ದೋನು, ಬಾಯಿ ಮುಚ್ಚಿಕೊಂಡು ನಿಂತುಬಿಟ್ಟ. ನರ್ಸಮ್ಮ ಬಂದು, "ಏನ್ರೀ ಇದು, ಪೇಷೆಂಟಿಗೆ ಬೆನ್ನು ತೋರಿಸ್ಕೊಂಡು?" ಅಂತ ಗದರಿದಳು. ಅವನು ಮಾತಾಡಲಿಲ್ಲ. ಮಾತಾಡಿದರೆ ಗುಣವಿಲ್ಲವಲ್ಲ.

ಇವಳೇ ತೊದಲುತ್ತಾ ಹೇಳಿದಳು: "ಬೈಬ್ಯಾಡ ಕಣವ್ವಾ. ಅವನು ನನ್ನ ಪೇಷೆಂಟು."

ಕೊಕ್ಕರೆ ಬೆಳ್ಳೂರಿನ ಪಾರಿವಾಳ

ಮನೆಗೆ ಕರೆತಂದ ಮೇಲೆ ನೆಂಟರಿಷ್ಟರ ಔಷಧಿ ಶುರುವಾಯ್ತು. ಅವಳ ತಂಗಿಯನ್ನ ಕೊಟ್ಟಿರೋದು ಕೊಕ್ಕರೆ ಬೆಳ್ಳೂರಿಗೆ. ಆಕೆ ಮದ್ದೂರಿನ ಸಂತೇಲಿ ಜೋಡಿ ಪಾರಿವಾಳ ತಗೊಂಡು ಬುಟ್ಟೀಲಿ ಇಟ್ಟುಕೊಂಡು ಬಸ್ಸಲ್ಲಿ ಬಂದಳು. ಪಾರಿವಾಳದ ಬಿಸಿ ರಕ್ತ ಹಚ್ಚಿ ತಿಕ್ಕಿದರೆ ಲಕ್ವ ಬಿಡುತ್ತೆ ಅಂತ ಯಾರೋ ಹೇಳಿದ್ದರು.

"ಸರಿ, ಕುಯ್ಯಮ್ಮ" ಅಂದೆ.

ಆಕೆ ಎರಡು ಹೆಜ್ಜೆ ಹಿಂದೆ ಸರಿದಳು. "ನಾನಾ? ನಮ್ಮೂರಲ್ಲಿ ಅಕ್ಕಿಗಳ ಮೈ ಮುಟ್ಟಕಿಲ್ಲ ಭಾವಾ. ಕೊಕ್ಕರೆ ಮನೆ ಮುಂದಿನ ಮರದಲ್ಲಿ ಗೂಡು ಕಟ್ಟಿ ತಲೆ ಮೇಲೆ ಏನ್ ಉದುರಿಸಿದ್ರೂ ಸುಮ್ಕಿರ್ತೀವಿ. ನೀವೇ ಒಂದೇಟು ಆಕಿ. ಅದೇನೋ ಇಂಚಿನ ಗುದ್ದು ಅಂತೀರಲ್ಲ, ಅದ್ರಲ್ಲಿ."

ಬುಟ್ಟಿ ತಗೊಂಡು ಮಹಡಿಗೆ ಹೋದೆ. ಮುಚ್ಚಳ ತೆಗೆದೆ. ಎರಡೂ ಕತ್ತು ಓರೆ ಮಾಡಿಕೊಂಡು ನನ್ನನ್ನೇ ನೋಡಿದವು. ಇಷ್ಟು ವರ್ಷ ಹೊಡೆಯೋದು ಕಲಿಸಿದ ಕೈ ಮೇಲೇಳಲಿಲ್ಲ. ಅವಳ ಕಾಲಿಗಾಗಿ ಏನು ಬೇಕಾದ್ರೂ ಮಾಡ್ತೀನಿ ಅಂತ ದೇವರಿಗೆ ಹೇಳಿಕೊಂಡಿದ್ದೋನು ಆ ಶೆಡ್ಡಿನಲ್ಲಿ ಕೂತು ಗಳಗಳ ಅತ್ತೆ. ಕೆಳಗಿಳಿದು ಬಂದು, ಕೈಲಾಗಲಿಲ್ಲ ಅಂದೆ. "ಬುಡಿ, ನಂಗೂ ಆ ರಕ್ತ ಬ್ಯಾಡ" ಅಂದಳು ಇವಳು.

ಶೆಡ್ಡಿನ ಬಾಗಿಲು ತೆರೆದಿಟ್ಟರೂ ಪಾರಿವಾಳ ಹೋಗಲಿಲ್ಲ. ಅಭ್ಯಾಸಕ್ಕೆ ತೂಗುಹಾಕಿದ್ದ ಗುದ್ದೋ ಮೂಟೆಯ ಮೇಲೇ ಗೂಡು ಕಟ್ಟಿದವು. ಆಗೊಮ್ಮೆ ಈಗೊಮ್ಮೆ ಬರ್ತಿದ್ದ ನಾಲ್ಕೈದು ಜನ ಶಿಷ್ಯರಿಗೆ ಮೂಟೆ ಮುಟ್ಟಬೇಡಿ, ಮೊಟ್ಟೆ ಇದೆ ಅಂದೆ. ಈಗ ಮಂಡ್ಯದಲ್ಲಿ ಮೂಟೆಗೆ ಒಂದಿಂಚು ದೂರದಲ್ಲೇ ಮುಷ್ಟಿ ನಿಲ್ಲಿಸೋದನ್ನ ಕಲಿಸೋ ಕುಂಗ್‌ಫೂ ಶಾಲೆ ನಮ್ಮದೊಂದೇ.

ಬದಲಿ ಕಾಲು

ಜನ ಬರೋದು ನಿಲ್ಲಲಿಲ್ಲ. ಬಾಗಿಲಲ್ಲಿ ನಿಂತೋರಿಗೆ ಅವಳು ಮಲಗಿದ್ದಾಳೆ ಅಂತ ಹೇಳಿ ಹೇಳಿ ವಾಪಸ್ ಕಳಿಸ್ತಿದ್ದೆ. ವೈದ್ಯನಾಥಪುರದಿಂದ ಒಬ್ಬ ಮುದುಕಿ ಬಂದ ದಿನ ಇವಳೇ ಒಳಗಿಂದ ಕೂಗಿದಳು: "ಅಷ್ಟು ದೂರದಿಂದ ಬಂದವ್ರೆ, ಬರಿಗೈಲಿ ಕಳಿಸ್ಬ್ಯಾಡಿ. ನನ್ನ ಬದ್ಲು ನೀವೇ ಒದ್ದು ಕಳಿಸಿ."

ಒದ್ದೆ. ಒಳಗೆ ಮಂಚದಿಂದಲೇ ನೋಡ್ತಾ ಪಾಠ: "ಅಂಗೆ ದಬಕ್ ಅಂತಲ್ಲ! ಅವರೇನು ನಿಮ್ಮ ಶತ್ರುವಾ? ಮುಟ್ಟಿಸ್ತಾ ಒದೀರಿ! ಬಲಗಾಲಲ್ಲ, ಎಡಗಾಲು! ನೆಲ ನೋಡ್ಬ್ಯಾಡಿ!"

ಮೂರೂ ಮುಗಿದ ಮೇಲೆ ಮುದುಕಿ ಹೊಸಿಲು ದಾಟಿ, ಆಮೇಲೆ ತಿರುಗಿ ನನ್ನನ್ನ ಕನಿಕರದಿಂದ ನೋಡಿದಳು. "ಎಷ್ಟು ವರ್ಸದಿಂದ ಕಲೀತಿದ್ದೀಯಪ್ಪ?"

"ಚಿಕ್ಕ ಹುಡುಗ ಆಗಿದ್ದಾಗಿಂದ."

"ಬತ್ತದೆ ಬುಡು" ಅಂದಳು. "ಬ್ಯಾಸರ ಮಾಡ್ಕಬ್ಯಾಡ."

ಇನ್ನೊಬ್ಬರ ಕಾಲು

ದಿನಾ ಸಂಜೆ ಅವಳ ಎಡ ಅಂಗಾಲಿಗೆ ನನ್ನ ಅಂಗೈ ಕೊಟ್ಟು ಕೂರ್ತಿದ್ದೆ. "ಕಾಲಲ್ಲಿ ಬಲ ಹುಡುಕಬೇಡ ಕಣೆ. ಮೈ ಸಡಿಲ ಬಿಡು, ಸೊಂಟದಿಂದ ತಗೋ, ಒಂದಿಂಚು ಸಾಕು." ಅವಳು ಹಲ್ಲು ಕಚ್ಚೋಳು, ಬೆವರೋಳು. ಕಾಲು ಮಾತ್ರ ತಣ್ಣಗೆ, ಯಾರೋ ಬಿಟ್ಟುಹೋದ ಸಾಮಾನಿನ ಹಾಗೆ ಬಿದ್ದಿರೋದು. ಮಳೆ ಹೋಗಿ ಚಳಿ ಬಂತು. ಬೆಳಿಗ್ಗೆ ಮಂಜಿನಲ್ಲಿ ಕಬ್ಬಿನ ಲಾರಿಗಳ ಸದ್ದು ಕೇಳ್ತಾ ಇಬ್ಬರೂ ಕಾಫಿ ಕುಡಿಯೋದು. ಒಂದು ದಿನ ಅಂದಳು: "ಇನ್ನು ಬುಡಿ. ಅದು ಸತ್ತೋಗದೆ. ನಿಮ್ಗೂ ಸಾಕಾಗದೆ." ಸಾಕಾಗಿಲ್ಲ ಅಂತ ಬಾಯಲ್ಲಿ ಅಂದೆ. ಆದರೆ ನನಗೂ ನಂಬಿಕೆ ಹೋಗಿತ್ತು. ಮಾರನೇ ಸಂಜೆ ಅಂಗೈ ಕೊಡಲಿಲ್ಲ, ಅವಳೂ ಕೇಳಲಿಲ್ಲ.

ಅದೇ ವಾರ ಅವಳನ್ನ ಮಂಚದಿಂದ ಕುರ್ಚಿಗೆ ಕೂರಿಸೋವಾಗ ನನ್ನ ಬೆನ್ನು ಕಳಕ್ ಅಂತು. ಬಗ್ಗಿದೋನು ಏಳೋಕೆ ಆಗಲಿಲ್ಲ. ಹಾಗೇ ಬಗ್ಗಿಕೊಂಡೇ ಅಡುಗೆ, ಬಗ್ಗಿಕೊಂಡೇ ಬಟ್ಟೆ. ಹಾಲಿನವಳು ನೋಡಿ, "ಉಳುಕು ಕಣ್ಸಾ ಅದು. ಮಳವಳ್ಳೀಲಿ ಒಬ್ಬಳು ಅವ್ಳಂತೆ, ಕಾಲು ಮುಂದಾಗಿ ಉಟ್ಟಿದೋಳು. ಅಮ್ಮೋರಿಗಿಂತ ಚೆನ್ನಾಗಿ ಒದೀತಾಳಂತೆ. ಓಗಿ ಬನ್ನಿ" ಅಂದಳು.

ನಾನು ಹೂಂ ಅಂದೆ. ನಡುಮನೆಯಿಂದ ಒಂದು ದನಿ ಬಂತು. ಎಷ್ಟೋ ತಿಂಗಳಿಂದ ಅವಳ ಅಂಥ ರೋಷದ ದನಿ ನಾನು ಕೇಳಿರಲಿಲ್ಲ.

"ಏನಂದ್ರೀ? ನಾನು ಬದುಕಿರೋವಾಗ್ಲೇ ಇನ್ನೊಬ್ಬಳ ಕಾಲಿಗೆ ಬೆನ್ನು ಕೊಡ್ತೀರಾ?"

"ಅಲ್ವೇ, ನೋವು..."

"ಬನ್ನಿ ಇಲ್ಲಿ. ಮಣೆ ಆಕ್ಕೊಂಡು ಮಂಚಕ್ಕೆ ಬೆನ್ನು ಕೊಟ್ಟು ಕೂತ್ಕೊಳ್ಳಿ."

ಹಾಲಿನವಳು ಪಾತ್ರೆಯನ್ನ ಮಂಚದ ಮುಂದೆ ನೆಲದ ಮೇಲೇ ಇಟ್ಟು ಜಾರಿಕೊಂಡಳು. ನಾನು ಇವಳನ್ನ ಮಂಚದ ಅಂಚಿಗೆ ಕೂರಿಸಿ, ದಿಂಬು ಒರಗಿಸಿ, ಅವಳ ಎಡಗಾಲನ್ನ ನಾನೇ ಎತ್ತಿ ನನ್ನ ಬೆನ್ನಿಗೆ ಆನಿಸಿಕೊಂಡು ಕೂತೆ. ಅಂಗಾಲು ಮಂಜುಗಡ್ಡೆ ಹಾಗೆ ತಣ್ಣಗಿತ್ತು. ಅವಳಿಗೆ ಬೇಜಾರಾಗೋದು ಬೇಡ ಅಂತ, "ಕಷ್ಟಪಡಬೇಡ ಕಣೆ, ಬಲಗಾಲಲ್ಲೇ ಒಂದು ಒದ್ದುಬಿಡು" ಅಂದೆ.

"ಬಲಗಾಲಲ್ಲಿ ಒದ್ರೆ ಗಂಡನ್ನ ಒದ್ದಂಗಾಯ್ತದೆ. ಎಡಗಾಲಲ್ಲಿ ಒದ್ರೆ ವೈದ್ಯ."

"ಹಾಗಾದ್ರೆ ಮೈ ಸಡಿಲ ಬಿಡು. ಸೊಂಟದಿಂದ..."

"ಬಾಯ್ಮುಚ್ಚಿ. ಒದೆಸ್ಕೊಳ್ಳೋರು ಮಾತಾಡಂಗಿಲ್ಲ."

ಮುಚ್ಚಿದೆ. ಮಹಡಿ ಮೇಲೆ ಪಾರಿವಾಳ ಗುಟುರು ಹಾಕ್ತಿದ್ದವು. ಹಿಂದಿನಿಂದ ಅವಳ ಏದುಸಿರು ಕೇಳ್ತಿತ್ತು. ತುಂಬಾ ಹೊತ್ತು ಏನೂ ಇಲ್ಲ. ಇನ್ನು ಎದ್ದುಬಿಡೋಣ, ಇವಳ ಮುಖ ನೋಡೋದು ಹೇಗೆ ಅಂತ ನಾನು ಯೋಚಿಸ್ತಿರೋವಾಗ ಆ ತಣ್ಣನೆ ಅಂಗಾಲು ಬೆನ್ನ ಮೇಲೆ ಒಂಚೂರು ಒತ್ತಿತು. ಭ್ರಮೆ ಅಂದುಕೊಂಡೆ. ಆಮೇಲೆ ಬಂತು ನೋಡಿ ಒದೆ! ಒಂದೇ ಇಂಚು. ನಾನು ಮಣೆಯಿಂದ ಮುಂದಕ್ಕೆ ಮುಗ್ಗರಿಸಿ, ಹಾಲಿನ ಪಾತ್ರೆಗೆ ಹಣೆ ಬಡಿದು, ಹಾಲಿನ ಸಮೇತ ನೆಲ ಸೇರಿದೆ.

ಉಳುಕು ಬಿಡಲಿಲ್ಲ. ಇನ್ನೂ ಜಾಸ್ತಿಯೇ ಆಯ್ತು. ಆದರೆ ಯಾರಿಗೆ ಬೇಕಾಗಿತ್ತು ಉಳುಕು? ಎಡಗಾಲು! ನೋಡೋಣ ಅಂತ ತಿರುಗೋಕೆ ಹೋದೆ.

"ತಿರುಗಬ್ಯಾಡಿ!" ಅಂತ ಕಿರುಚಿದಳು. "ಒಸಿಲು ದಾಟೋ ಗಂಟ ತಿರುಗಂಗಿಲ್ಲ!"

ನೋಡಬೇಕು, ನೋಡೋ ಹಾಗಿಲ್ಲ. ಕೂಗಿ ಕೇಳಬೇಕು, ಬಾಯಿ ಬಿಡೋ ಹಾಗಿಲ್ಲ. ಮುಖದ ಮೇಲೆ ಹಾಲೂ ಕಣ್ಣೀರೂ ಒಟ್ಟಿಗೆ ಇಳೀತಿದ್ದವು. ಅಂಬೆಗಾಲಲ್ಲೇ ಬಾಗಿಲ ಕಡೆ ಹೊರಟೆ, ಹೊಸಿಲು ದಾಟಿಬಿಟ್ಟರೆ ತಿರುಗಬಹುದಲ್ಲ ಅಂತ. ಹಿಂದೆ ಅವಳು ಅಳ್ತಿದ್ದಾಳೋ ನಗ್ತಿದ್ದಾಳೋ ಗೊತ್ತಾಗಲಿಲ್ಲ. ಹೊಸಿಲಿನ ಮೇಲೆ ಕೈ ಇಟ್ಟೆ.

"ಎಲ್ಲಿಗೆ ಓಯ್ತಾ ಇದ್ದೀರಿ?" ಅಂದಳು. "ಇನ್ನೂ ಎರಡು ಬಾಕಿ ಅವೆ."

ತಿರುಗಲಿಲ್ಲ. ಅಂಬೆಗಾಲಲ್ಲೇ ಹಿಂದಿಂದಕ್ಕೆ, ಅವಳಿಗೆ ಬೆನ್ನು ಕೊಟ್ಟುಕೊಂಡೇ ಹೋದೆ.